ಅಕ್ಕನ ಪಾಲಿನ ಕಡಲು

ಮೋಟಾರು ದೋಣಿ ಬಂದು ಎಂಟು ದಿನವಾಗಿತ್ತು. ಆ ಎಂಟು ದಿನವೂ ನನ್ನ ಕಾಲು ನೆಲದ ಮೇಲೆ ನಿಂತದ್ದು ಕಡಿಮೆ. ಎದುರು ದಡದ ಸ್ಫಾಕ್ಸ್ ಪೇಟೆಯಿಂದ ಅದನ್ನು ತಂದ ದಿನ ನಮ್ಮ ಕರ್ಕೆನ್ನಾ ದ್ವೀಪದ ದಡದಲ್ಲಿ ಅರ್ಧ ಊರು ನೆರೆದಿತ್ತು. ಹಾಯಿಯ ಹಗ್ಗ ಎಳೆದೆಳೆದು ಅಂಗೈ ಸವೆಸಿಕೊಂಡ ಐವತ್ತೆಂಟರ ಮುದುಕ ನಾನು. ದಾರ ಒಂದು ಜಗ್ಗಿದರೆ ನೀರು ಸೀಳಿಕೊಂಡು ಓಡುವ ದೋಣಿ ಸಿಕ್ಕರೆ ತಲೆ ನಿಲ್ಲುತ್ತದೆಯೇ? "ನನ್ನ ಬದ್ಲು ಇದನ್ನೇ ಕಟ್ಕೋಬೇಕಿತ್ತು ನೀವು," ಎಂದು ಹೆಂಡತಿ ನಜೀಹಾ ಮೂಗು ಮುರಿದಳು.

ಒಂಬತ್ತನೆಯ ದಿನ ಮನ್ನೂಬಿಯಾ ಅಕ್ಕನನ್ನು ದೋಣಿಗೆ ಹತ್ತಿಸಿಕೊಂಡೆ. ಅದಕ್ಕೊಂದು ಕಾರಣವಿತ್ತು.

ನಮ್ಮಲ್ಲಿ ಕಡಲಿಗೂ ಒಡೆಯರಿದ್ದಾರೆ. ಬೇರೆಯವರಿಗೆ ಹೊಲ ಬಂದಂತೆ ನಮಗೆ ಅಪ್ಪಂದಿರಿಂದ ನೀರಿನ ಪಾಲು ಬರುತ್ತದೆ. ಖರ್ಜೂರದ ಗರಿಗಳನ್ನು ತಳದಲ್ಲಿ ಸಾಲಾಗಿ ನೆಟ್ಟು ಬೇಲಿ ಕಟ್ಟುತ್ತೇವೆ. ನೀರು ಇಳಿಯುವಾಗ ಮೀನು ಬೇಲಿಯ ಗುಂಟ ಹೋಗಿ ತುದಿಯ ಗೂಡಿಗೆ ಬೀಳುತ್ತದೆ. ಅಪ್ಪ ತೀರಿಕೊಂಡಾಗ ದೊಡ್ಡ ಪಾಲು ನನಗೆ ಬಂತು, ಪಕ್ಕದ ಚಿಕ್ಕದು ಅಕ್ಕನಿಗೆ. ಅಕ್ಕನದನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಶುಕ್ರವಾರ ತಪ್ಪದೆ ನನ್ನ ಗೂಡಿನಿಂದಲೂ ಅವಳ ಮನೆಗೆ ಮೀನು ಕಳಿಸುತ್ತಿದ್ದೆ. "ತಮ್ಮ ಅಂದ್ರೆ ತೈಯಬ್ ಥರ ಇರ್ಬೇಕು" ಎಂದು ಊರು ಹೊಗಳುತ್ತಿತ್ತು, ನಾನು ಬೇಡ ಅನ್ನುತ್ತಿರಲಿಲ್ಲ.

ಊರಿಗೆ ಗೊತ್ತಿಲ್ಲದ ಸಂಗತಿಯೂ ಒಂದಿದೆ. ಭಾವ ಸತ್ತ ವರ್ಷ ನಾನು ನನ್ನ ಬೇಲಿಯನ್ನು ಅರವತ್ತು ಹೆಜ್ಜೆ ಅಕ್ಕನ ಪಾಲಿನೊಳಕ್ಕೆ ತಂದು ನೆಟ್ಟೆ. ಅಲ್ಲಿ ತಳ ತುಸು ಕೊರೆದುಕೊಂಡು ಮೀನಿನ ದಾರಿಯಾಗಿದೆ. ಒಂದು ವರ್ಷಕ್ಕೆಂದು ನೆಟ್ಟದ್ದು ಒಂಬತ್ತು ವರ್ಷ ನಿಂತಿತು. ಈಗ ಅವಳ ಪಾಲನ್ನೇ ನನಗೆ ಬಿಟ್ಟುಕೊಟ್ಟಂತೆ ಪತ್ರ ಬರೆಸಿದ್ದೆ. ಸಹಿಯೊಂದು ಬಿದ್ದರೆ ಆ ಅರವತ್ತು ಹೆಜ್ಜೆಯ ಮಾತು ನನ್ನೊಂದಿಗೇ ಮಣ್ಣಾಗುತ್ತಿತ್ತು.

"ಹಾಕ್ತೀನಿ ಕಣೋ," ಅಂದಿದ್ದಳು ಅಕ್ಕ. "ಆದ್ರೆ ಅರವತ್ನಾಲ್ಕು ವರ್ಷ ಆಯ್ತು ನಂಗೆ. ನಂದು ಅಂತ ಇರೋದನ್ನ ಒಂದ್ಸಲನೂ ನೋಡಿಲ್ಲ. ಹೆಂಗಸ್ರು ಹತ್ತಿದ್ರೆ ಮೀನು ಮುನಿಸ್ಕೊಳ್ಳುತ್ತೆ ಅಂದ ಅಪ್ಪ. ಹಾಯಿದೋಣೀಲಿ ಜಾಗ ಇಲ್ಲ ಅಂದೆ ನೀನು. ಈಗ ಮೋಟಾರು ಬಂತಲ್ಲ, ಇನ್ಯಾವ ನೆಪ ಹೇಳ್ತೀಯಾ?"

ತೋರಿಸಿದರಾಯಿತು ಅಂದುಕೊಂಡೆ. ನೀರಿನ ಮೇಲೆ ಗೆರೆ ಎಳೆದಿರುತ್ತದೆಯೇ, ಅವಳಿಗೆ ಏನು ತಿಳಿದೀತು?

ಜನವರಿಯ ಬೆಳಗು. ಗಾಳಿ ಇರಲಿಲ್ಲ, ಚಳಿ ಮಾತ್ರ ಹಲ್ಲು ಕಚ್ಚಿಸುವಂತಿತ್ತು. ಅಕ್ಕ ಎರಡು ಶಾಲು ಹೊದ್ದು, ಬಾರ್ಲಿ ರೊಟ್ಟಿ ಮತ್ತು ಖಾರದ ಚಟ್ನಿಯ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಮೋಟಾರು ಬಿಟ್ಟೆ. ದೋಣಿಯ ಮೂತಿ ಮೇಲೆದ್ದಿತು, ದಡ ಹಿಂದಕ್ಕೆ ಓಡಿತು.

"ನಿಧಾನ ಕಣೋ! ಗಂಡನ ಹತ್ರ ಕಳಿಸ್ಬೇಡ್ವೋ ನನ್ನ!"

"ಹೆದ್ರಿಕೆನಾ ಅಕ್ಕಾ?"

"ಹೆದ್ರಿಕೆ ಯಾಕೆ? ಇನ್ನೂ ಜೋರಾಗಿ ಬಿಡು!"

ನಕ್ಕಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಭಾವ ಹೋದ ಮೇಲೆ ನೋಡಿರಲಿಲ್ಲ.

ಅರ್ಧ ಗಂಟೆಗೆ ಪಾಲಿನ ಹತ್ತಿರ ಬಂದೆವು. ಮೋಟಾರು ನಿಲ್ಲಿಸಿ ಲಂಗರು ಬಿಟ್ಟೆ. ರೊಟ್ಟಿ ಮುರಿದುಕೊಂಡು ದೋಣಿಯ ಗುಣಗಾನಕ್ಕೆ ತೊಡಗಿದೆ. ತಳ ಕರಕರ ಅಂದಾಗಲೇ ನನಗೆ ಎಚ್ಚರವಾದದ್ದು. ಬಗ್ಗಿ ನೋಡಿದರೆ ಮೊಣಕಾಲುದ್ದದ ನೀರೂ ಇಲ್ಲ. ಕೋಲು ಹಾಕಿ ದೂಡಿದೆ, ಇಳಿದು ಹೆಗಲು ಕೊಟ್ಟೆ. ದೋಣಿ ಕತ್ತೆಯ ಹಾಗೆ ನಿಂತುಬಿಟ್ಟಿತು.

ನೀರು ಇಳಿದು ಮುಗಿದು, ಮತ್ತೆ ಏರತೊಡಗುವ ಹೊತ್ತಿಗೆ ಪಾಲಿನಲ್ಲಿರಬೇಕೆಂದರೆ ಎರಡು ಗಂಟೆ ಮುಂಚೆ ಮನೆ ಬಿಡಬೇಕು. ಇದು ನನ್ನ ತಾತನ ಕಾಲದ ಲೆಕ್ಕ, ಹಾಯಿಯ ಲೆಕ್ಕ. ಎಂಟು ದಿನ ದಡದ ಗುಂಟವೇ ಓಡಿಸಿದ್ದ ನಾನು ಅದೇ ಲೆಕ್ಕ ಹಿಡಿದು ಮೋಟಾರಿನಲ್ಲಿ ಪಾಲಿಗೆ ಬಂದಿದ್ದೆ.

"ಏನಾಯ್ತೋ?"

"ಬೇಗ ಬಂದ್ಬಿಟ್ವಿ ಅಕ್ಕಾ. ನೀರು ಹೋಗಿ ಮತ್ತೆ ಬರೋವರ್ಗೂ ಇಲ್ಲೇ."

"ನಲವತ್ತು ವರ್ಷ ಕಡಲಲ್ಲಿ ಇದ್ದೋನಪ್ಪಾ ನೀನು," ಅಂದಳು.

ನೀರು ಹೋಗುವಾಗ ಸದ್ದು ಮಾಡುವುದಿಲ್ಲ. ನೋಡನೋಡುತ್ತಿದ್ದಂತೆ ನಮ್ಮ ಸುತ್ತಲಿನ ಕಡಲು ಎದ್ದು ನಡೆದುಹೋಯಿತು. ಕಡಲಹುಲ್ಲು ಬಾಚಿದ ಒದ್ದೆ ಕೂದಲಿನಂತೆ ಒಂದೇ ಕಡೆಗೆ ಮಲಗಿತು. ಬೇಲಿಗಳು ಒಂದೊಂದಾಗಿ ನೀರು ತೊಟ್ಟಿಕ್ಕಿಸುತ್ತ ಮೇಲೆದ್ದವು. ಕಾಲುವೆಗಳಲ್ಲಿ ಉಳಿದ ನೀರಿನ ಮೇಲೆ ಆಕಾಶ ತುಂಡುತುಂಡಾಗಿ ಬಿದ್ದಿತ್ತು. ದೂರದಲ್ಲಿ ರಾಜಹಂಸಗಳು ನಿಂತಿದ್ದವು, ಸಾವಿರವೋ ಎರಡು ಸಾವಿರವೋ, ಒಂದೂ ಕೂಗಲಿಲ್ಲ. ಇಷ್ಟು ವರ್ಷ ಇಲ್ಲಿಗೆ ಬಂದಾಗಲೆಲ್ಲ ನಾನು ನೋಡುತ್ತಿದ್ದದ್ದು ಗೂಡಿಗೆ ಏನು ಬಿದ್ದಿದೆ ಎಂಬುದನ್ನು ಮಾತ್ರ. ಅಂದು ಮೊದಲ ಸಲ ಸುಮ್ಮನೆ ನಿಂತು ನೋಡಿದೆ, ಮೈ ಜುಮ್ಮೆಂದಿತು.

ಅಕ್ಕ ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದು ಅಂಚು ದಾಟಿ ಕೆಳಗಿಳಿದಳು. ತಣ್ಣನೆಯ ಮರಳಿಗೆ ಅವಳ ಕಾಲು ತಾಗಿತು. ನಾಲ್ಕು ಹೆಜ್ಜೆ ಇಟ್ಟು ನಿಂತಳು. ಏಡಿಯೊಂದು ಅವಳ ಹೆಬ್ಬೆರಳ ಮುಂದೆಯೇ ಹಾದುಹೋಯಿತು.

"ನೆಲಾನೇ ಕಣೋ," ಅಂದಳು, ಪಿಸುಮಾತಿನಲ್ಲಿ. "ಕಡಲ ನಡುವೆ ನೆಲ. ಇದ್ರಲ್ಲಿ ಎಲ್ಲೀವರ್ಗೂ ನಂದು?"

ಬೇಲಿ ತೋರಿಸಿದೆ. "ಇಲ್ಲಿಂದ ಆಚೆ ಅಷ್ಟೂ ನಿಂದೇ."

ಅವಳು ಬೇಲಿಯ ಕಡೆ ನೋಡಲಿಲ್ಲ. ಬೆನ್ನು ತಿರುಗಿಸಿ ಊರಿನ ಕಡೆ ನೋಡಿದಳು. ಆ ದಿನ ಬೆಳಕು ತೊಳೆದಿಟ್ಟಂತಿತ್ತು. ಮಸೀದಿಯ ಮಿನಾರು, ಅದರ ಪಕ್ಕಕ್ಕೆ ಹಳೆಯ ಕೋಟೆ, ಎರಡೂ ಬೆರಳುದ್ದದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆಮೇಲೆ ಅವಳು ಚಿಪ್ಪುಗಳನ್ನು ತುಳಿಯುತ್ತ, ಬೇಲಿಯ ತುದಿಯನ್ನು ಬಳಸಿ, ನನ್ನ ಕಡೆಗೆ ದಾಟಿ ನಡೆಯತೊಡಗಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಊರಿನತ್ತ ತಿರುಗಿ ನೋಡುವಳು, ಮತ್ತೆ ನಡೆಯುವಳು. ನಾನು ಹೆಜ್ಜೆ ಎಣಿಸುತ್ತಿದ್ದೆ. ಐವತ್ತೆಂಟು, ಐವತ್ತೊಂಬತ್ತು. ಅರವತ್ತಕ್ಕೆ ನಿಂತಳು.

"ಇಲ್ಲಿ," ಅಂದಳು. "ಮಿನಾರು ಕೋಟೆಯ ಮುರುಕು ಮೂಲೆ ಹಿಂದೆ ಅಡಗ್ಬೇಕು. ಅಡಗಿದ ಜಾಗದಿಂದ ಎಡಕ್ಕೆ ತೈಯಬ್‌ದು, ಬಲಕ್ಕೆ ಮನ್ನೂಬಿಯಾದು. ಅಪ್ಪ ಹೇಳ್ತಿದ್ದ."

"ನಿನಗ್ಯಾವಾಗ ಹೇಳಿದ?"

"ನಂಗೆಲ್ಲಿ ಹೇಳ್ದ? ನಿಂಗೇ ಹೇಳ್ಕೊಡ್ತಿದ್ದ, ದಿನಾ ಸಂಜೆ. ನೀನು ತೂಕಡಿಸ್ತಿದ್ದೆ. ನಾನು ಪಕ್ಕದಲ್ಲಿ ಬೇಲಿಗೆ ಹಗ್ಗ ಹೊಸೀತಿದ್ದೆ."

ಒಮ್ಮೆಯೂ ದೋಣಿ ಹತ್ತದವಳು, ಒಮ್ಮೆಯೂ ಇಲ್ಲಿ ಕಾಲಿಡದವಳು! ಐವತ್ತು ವರ್ಷದ ಹಿಂದೆ ಕಿವಿಗೆ ಬಿದ್ದ ಒಂದು ಮಾತು ಹಿಡಿದು, ಗೆರೆಯಿಲ್ಲದ ಗುರುತಿಲ್ಲದ ಈ ಬಯಲಿನಲ್ಲಿ ನೇರ ತನ್ನ ಗಡಿಗೆ ಬಂದು ನಿಂತಿದ್ದಳು. ನನಗೆ ಕೈಮುಗಿಯಬೇಕೆನಿಸಿತು. ಅಂಥ ಬೆರಗನ್ನು ನಾನು ಮಸೀದಿಯಲ್ಲೂ ಪಟ್ಟಿಲ್ಲ, ದೇವರು ಕ್ಷಮಿಸಲಿ.

ಅವಳು ಬೇಲಿಯತ್ತ ನೋಡಿದಳು, ಗೂಡಿನತ್ತ ನೋಡಿದಳು. ಎರಡೂ ಅವಳ ಪಾಲಿನೊಳಗೆ ನಿಂತಿದ್ದವು.

"ಅಲೆ ಹೊಡ್ದು ಸರಿದಿರ್ಬೇಕು, ಅಲ್ವೇನೋ?" ಅಂದಳು ಮೆಲ್ಲಗೆ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಬಾಗಿಲು ತೆರೆದು ಹಿಡಿದಿದ್ದಳು. ಆದರೆ ಆ ಬಯಲಿನಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಲೆಯಲ್ಲ ಅಕ್ಕಾ. ನಾನೇ. ಭಾವ ಹೋದ ವರ್ಷ."

"ಹಂಗಾದ್ರೆ ಶುಕ್ರವಾರ ಶುಕ್ರವಾರ ಬರ್ತಿದ್ದ ಮೀನು ನಮ್ಮನೇದೇ," ಅಂದಳು. "ಒಂಬತ್ತು ವರ್ಷ ನಿನ್ಗೆ ಕೈಯೆತ್ತಿ ದುವಾ ಮಾಡಿದೀನಲ್ಲೋ ಕಳ್ಳಾ. ಅದನ್ನೆಲ್ಲ ವಾಪಸ್ ಕೊಡು ಅಂತ ಅಲ್ಲಾಹನ್ನ ಕೇಳ್ಲಾ?"

ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಅವಳು ಬೈದದ್ದರ ನೆಮ್ಮದಿಗೋ ಗೊತ್ತಿಲ್ಲ.

ಆಮೇಲೆ ಅವಳು ತನ್ನ ಪಾಲನ್ನು ಈ ತುದಿಯಿಂದ ಆ ತುದಿಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಕಾಲುವೆಗಳಲ್ಲಿ ನೀರು ಹೊಳೆಯುತ್ತ ಒಳಕ್ಕೆ ನುಗ್ಗತೊಡಗಿತು. ಹಿಮ್ಮಡಿ ಮುಳುಗಿತು, ಮೀನಖಂಡ ಮುಳುಗಿತು; ದೋಣಿ ಹತ್ತು ಅಂದರೆ ಅವಳು ಕೇಳಲೊಲ್ಲಳು. ಚಳಿಗೆ ನಡುಗುತ್ತ, ತನ್ನ ನೆಲ ಮತ್ತೆ ಕಡಲಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದಳು.

ದೋಣಿ ತೇಲಿತು. ಅವಳ ಕಾಲಿಗೆ ಶಾಲು ಸುತ್ತಿದೆ. ಪತ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ನಾಳೆ ಬಂದು ಬೇಲಿ ಕಿತ್ಬಿಡ್ತೀನಿ ಅಕ್ಕಾ," ಅಂದೆ.

"ಕೀಳೋದ್ಯಾಕೆ?" ಅಕ್ಕ ನನ್ನನ್ನೇ ದಿಟ್ಟಿಸಿದಳು. "ನನ್ನ ಜಾಗದಲ್ಲಿ ನೆಟ್ಟಿದ್ದು ನಂದು. ನಿಂಗೆ ಬೇಕಾದ್ರೆ ಗೆರೆ ಆಚೆ ಹೊಸದು ಕಟ್ಕೋ. ಹಗ್ಗ ಹೊಸೆದು ಕೊಡ್ತೀನಿ."