ತೋಳಿನ ಅಳತೆ

ನಾನೂ ನನ್ನ ತಮ್ಮನೂ ದರ್ಜಿಗಳು. ನನ್ನ ಶರ್ಟಿಗೆ ಇಪ್ಪತ್ತು ವರ್ಷದಿಂದ ಕಾಗದದಲ್ಲಿ ಕತ್ತರಿಸಿಟ್ಟ ಒಂದೇ ಅಳತೆ. ಮೊನ್ನೆ ಹೊಲಿದ ಹೊಸ ಶರ್ಟು ಮಾತ್ರ ತೋಳಿನ ಹತ್ತಿರ ಬಿಗಿಯಾಗಿ ಹಿಡಿದುಕೊಂಡಿತು. ಬಟ್ಟೆ ಕತ್ತರಿಸಿದ್ದು ತಮ್ಮ. ನನಗೆ ಮೈಯೆಲ್ಲ ಉರಿದುಹೋಯಿತು.

“ಕಣ್ಣು ಎಲ್ಲಿಟ್ಕೊಂಡು ಕತ್ತರಿಸಿದ್ಯೋ?”

ಅವನು ಮೊಳೆಗೆ ನೇತುಹಾಕಿದ್ದ ಕಾಗದ ತಂದು ಶರ್ಟಿನ ತೋಳಿನ ಮೇಲಿಟ್ಟ. ನೂಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಟೇಪನ್ನು ನನ್ನ ತೋಳಿಗೇ ಸುತ್ತಿದ.

“ನೀನೇ ಒಂದಿಂಚು ಜಾಸ್ತಿ ಆಗಿದೀಯ ಅಣ್ಣ.”

ಊರವರನ್ನೆಲ್ಲ ಅಳೆಯುವ ನಾನು ನನ್ನನ್ನೇ ಅಳೆದುಕೊಂಡಿರಲಿಲ್ಲ.

ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಸೋತು, ಐವತ್ತೆರಡನೇ ವಯಸ್ಸಿನಲ್ಲಿ ಜಿಮ್ಮಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಹೇಳಿಕೊಡುವವಳು ನನ್ನ ಮಗಳ ವಯಸ್ಸಿನವಳು. ಮೊದಲ ಮೂರು ವಾರ ಬರಿಯ ಕಂಬಿ ಎತ್ತಿಸಿದಳು. ಬೆನ್ನು ನೆಟ್ಟಗೆ ನಿಲ್ಲುವವರೆಗೂ ತೂಕ ಹಾಕಲಿಲ್ಲ. ಆಮೇಲೂ ಇಷ್ಟಿಷ್ಟೇ ಏರಿಸಿದಳು. ಹಿಂದಿನ ದಿನವಷ್ಟೇ ಅವಳ ಮೇಲೆ ರೇಗಿದ್ದೆ: “ಏನೂ ಬದಲಾಗಿಲ್ಲಮ್ಮ. ಅಳತೆ ನೋಡೋದೇ ನನ್ನ ಕಸುಬು, ನನಗೆ ಹೇಳ್ಬೇಡ.” ಅವಳು ನಕ್ಕು, “ನಾಳೆ ಬನ್ನಿ ಅಂಕಲ್” ಎಂದಿದ್ದಳು, ಅಷ್ಟೇ.

ಸಂಜೆ ಆ ಬಿಗಿ ಶರ್ಟನ್ನೇ ತೊಟ್ಟು ಹೋದೆ.

“ನಿನ್ನಿಂದ ನನ್ನ ಹೊಸ ಶರ್ಟು ಹಾಳಾಯ್ತಮ್ಮ,” ಎಂದೆ. “ನಿನ್ನ ಉಪಕಾರ ಮರೆಯಲ್ಲ.”

ಅವಳು ನನ್ನ ತೋಳನ್ನೊಮ್ಮೆ ನೋಡಿದಳು. ಕಂಬಿಗೆ ಇನ್ನೊಂದು ಸಣ್ಣ ತೂಕದ ಬಿಲ್ಲೆ ಸೇರಿಸಿದಳು.

“ಹೊಸ ಅಳತೆ ಈಗ್ಲೇ ಕತ್ತರಿಸ್ಕೋಬೇಡಿ ಅಂಕಲ್.”