ನಾಲ್ಕರಿಂದ ನಾಲ್ಕೂವರೆ

ಮುಂಬೈ ಪ್ರವಾಸದ ಮಾತು ಎತ್ತಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಆಮೇಲೆ ಯಾರೂ ನನ್ನ ಗಂಡ ಶಿವರಾಜರನ್ನು ಬೈಯಬಾರದು. ಬೈಸಿಕೊಳ್ಳುವಷ್ಟು ಕೆಲಸವನ್ನೂ ಅವರು ಮಾಡುವವರಲ್ಲ. ತಮಿಳು ಸೀಮೆಯ ಪುರಸೈವಾಕ್ಕಂನಲ್ಲಿ ಕೆಳಗೆ ನಮ್ಮ ಸೊಲ್ಲಾಪುರ ಚಾದರದ ಅಂಗಡಿ, ಮೇಲೆ ಮನೆ. ಮದುವೆಯಾದ ಹದಿನೇಳು ವರ್ಷದಲ್ಲಿ ಆ ಮೆಟ್ಟಿಲು ಹತ್ತಿ ಇಳಿದದ್ದು ಬಿಟ್ಟರೆ ವರ್ಷಕ್ಕೊಮ್ಮೆ ಕಲಬುರ್ಗಿಗೆ ಹೋಗಿ ಬಂದಿದ್ದೇನೆ, ಅಷ್ಟೆ. ಎರಡು ದಿನ ಮುಂಬೈಯಲ್ಲಿ ತಿರುಗಬೇಕು, ಬೇರೆಯವರು ಬಡಿಸಿದ್ದನ್ನು ಕೂತು ತಿನ್ನಬೇಕು, ತಟ್ಟೆ ಅಲ್ಲೇ ಬಿಟ್ಟು ಏಳಬೇಕು ಅಂದೆ. ಅವರು ಮೂರು ಟಿಕೆಟ್ ಮಾಡಿಸಿದರು. ಅವರಿಗೆ, ನನಗೆ, ಮಗಳು ಶಿಲ್ಪಶ್ರೀಗೆ.

ಮನೆಯಲ್ಲಿರುವುದು ನಾಲ್ಕು ಜನ. ನಾಲ್ಕನೆಯವಳು ಜಗದೇವಿ, ಗಂಡನ ಅಕ್ಕ. ಎದುರಿಗೆ ನಾನು ‘ಅಕ್ಕಾ ಬರ್ರಿ, ಅಕ್ಕಾ ಕೂಡ್ರಿ’ ಅನ್ನುತ್ತೇನೆ. ಮನಸ್ಸಿನೊಳಗೆ ಮಾತ್ರ ಯಾವತ್ತೂ ‘ಅವಳು’. ನಾನು ಈ ಮನೆಗೆ ಬರುವ ಮೊದಲೇ ಅವಳು ಇಲ್ಲಿದ್ದಳು. ತಮ್ಮನ ಜೊತೆ ನಿಂತು ಅಂಗಡಿ ಕಟ್ಟಿದವಳು ಅವಳೇ. ಅದನ್ನು ಒಂದು ಸಲವೂ ಆಡಿ ತೋರಿಸಲಿಲ್ಲ. ಆಡಿದ್ದರೆ ನನಗೆ ಜಗಳಕ್ಕೆ ಅನುಕೂಲವಾಗುತ್ತಿತ್ತು. ನಾನು ಬಂದ ಮೊದಲ ದಿನ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು, ‘ಭವಾನಿ, ಇದು ರೊಟ್ಟಿ ಏನ, ದಿಂಬ?’ ಅಂದು ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಆ ಪರಾತ ನನಗೆ ಇನ್ನೂ ವಾಪಸು ಬಂದಿಲ್ಲ.

ಈ ಜಗದೇವಿ ಮುಂಬೈ ಬಲ್ಲವಳು. ಮದುವೆಯಾದ ಹೊಸದರಲ್ಲಿ ಟ್ಯಾಕ್ಸಿ ಓಡಿಸುವ ಗಂಡನ ಜೊತೆ ಪರೇಲಿನ ಒಂದು ಖೋಲಿಯಲ್ಲಿ ಒಂಬತ್ತು ವರ್ಷ ಇದ್ದಳು. ನಮ್ಮ ಕಡೆಯಿಂದ ದುಡಿಯಲು ಹೋದವರಿಗೆ ಅಲ್ಲೇ ಖಾನಾವಳಿ ನಡೆಸುತ್ತಿದ್ದಳು. ಅಲ್ಲಿ ಒಂದು ಗಂಡು ಮಗುವಾಗಿ, ಮೂರು ವರ್ಷ ಬದುಕಿ, ಜ್ವರದಲ್ಲಿ ಹೋಯಿತು. ಮಹದೇವ ಅಂತ ಹೆಸರು. ಆಮೇಲೆ ಗಂಡ ಇನ್ನೊಬ್ಬಳ ಜೊತೆ ಹೋದ, ಇವಳು ತಮ್ಮನ ಹತ್ತಿರ ಇಲ್ಲಿಗೆ ಬಂದಳು. ನಾವು ಲಿಂಗವಂತರು, ಸುಡುವುದಿಲ್ಲ, ಹೂಳುತ್ತೇವೆ. ಹಾಗಾಗಿ ಅವಳ ಪಾಲಿಗೆ ಮಗು ಇನ್ನೂ ಮುಂಬೈಯಲ್ಲೇ ಇದೆ, ಮಲಗಿದೆ. ಇಪ್ಪತ್ತಾರು ವರ್ಷದಿಂದ ಅವಳು ಆ ಕಡೆ ಹೋಗಿಲ್ಲ. ಹೋಗಬೇಕು ಅಂದಾಗೆಲ್ಲ ತಮ್ಮ ‘ನೋಡೂಣು’ ಅಂದಿದ್ದಾರೆ.

ಪ್ರವಾಸದ ಸುದ್ದಿ ಕಿವಿಗೆ ಬಿದ್ದ ದಿನ ಅವಳು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು.

‘ಮುಂಬೈಗಿ ಹೊಂಟೀವಂತ, ಖರೇ ಏನ?’

ಗಂಡ ನನ್ನ ಮುಖ ನೋಡಿದರು. ‘ಹೂಂ ಅಕ್ಕಾ, ಡಿಸೆಂಬರದಾಗ ಹೋಗಬೇಕಂತ ಮಾಡೀವಿ ನಾವು,’ ಅಂದೆ.

ನಾನೇನು ಸುಳ್ಳು ಹೇಳಿದೆನೇ? ಕನ್ನಡದ ‘ನಾವು’ ಅನ್ನುವುದು ನಮ್ಮ ಅಂಗಡಿಯ ಡಬಲ್ ಚಾದರ ಇದ್ದ ಹಾಗೆ, ಒಳಗೆ ಎಷ್ಟು ಜನ ಮಲಗಿದ್ದಾರೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅವಳು ತಾನೂ ಒಳಗಿದ್ದೇನೆ ಅಂದುಕೊಂಡಳು. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

‘ಎರಡನೇ ದಿನ ನಾಲ್ಕರಿಂದ ನಾಲ್ಕೂವರಿ ತನಕ ನನಗ ಬಿಡ್ರಿ,’ ಅಂದಳು. ‘ಮಾದೇವನ ಹತ್ರ ಅರ್ಧಾ ತಾಸು ಕೂತು ಬರ್ತೀನಿ. ಉಳದಿದ್ದೆಲ್ಲಾ ನೀವು ಹೇಳಿದಂಗ.’

ಅವತ್ತೇ ಹೇಳಬೇಕಿತ್ತು. ರಾತ್ರಿ ಗಂಡನಿಗೆ, ನಿಮ್ಮ ಅಕ್ಕ, ನೀವೇ ಹೇಳಿ ಅಂದೆ. ಅವರು, ಪ್ರವಾಸ ನಿನ್ನದು, ನೀನೇ ಹೇಳು ಅಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾಲ್ಕನೇ ಟಿಕೆಟ್ ಮಾಡಿಸಿದರಾಗದೆ ಅಂತ ನೀವು ಕೇಳಬಹುದು. ಆಗುತ್ತಿತ್ತು. ನನಗೆ ಬೇಕಿರಲಿಲ್ಲ. ಹದಿನೇಳು ವರ್ಷದಲ್ಲಿ ಎರಡೇ ಎರಡು ದಿನ ಅವಳ ಕಣ್ಣ ಮುಂದೆ ಇರದೆ ಉಣ್ಣಬೇಕು ಅನ್ನಿಸಿತ್ತು. ಅದು ಅಷ್ಟು ದೊಡ್ಡ ಪಾಪವೇ?

ಇಷ್ಟರ ಮೇಲೆ ಅವಳಿಂದ ನಮಗೆ ಕೆಲಸವೂ ಇತ್ತು. ನಮಗೆ ಮೂವರಿಗೂ ಮುಂಬೈ ಗೊತ್ತಿಲ್ಲ. ಕಾರ್ಯವಾಸಿ ಕತ್ತೆ ಕಾಲು ಹಿಡಿ ಅಂತಾರಲ್ಲ, ಹಾಗೆ ನಾನು ಸುಮ್ಮನಾದೆ. ಅವಳು ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಅಡ್ಡಗೆರೆ ಎಳೆದು, ದಿನಾ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪ್ಲಾನ್ ಬರೆಯುತ್ತಿದ್ದಳು. ದಾದರಿನಲ್ಲಿ ಇಳಿದ ಕೂಡಲೇ ವಡಾಪಾವ್. ಆಮೇಲೆ ರಾಣಿ ಬಾಗ್. ಗೇಟ್‌ವೇದ ಹತ್ತಿರ ದೋಣಿ, ಆದರೆ ಬಿಸಿಲು ಇಳಿದ ಮೇಲೆ. ಮರುದಿನ ಬೆಳಿಗ್ಗೆ ಇರಾನಿ ಹೋಟೆಲಿನ ಬನ್ ಮಸ್ಕಾ, ಮಧ್ಯಾಹ್ನ ಮಾಟುಂಗಾದಲ್ಲಿ ಊಟ. ಯಾವ ಸ್ಟೇಷನ್ನಿನಲ್ಲಿ ಯಾವ ಕಡೆಯ ಬಾಗಿಲಿಗೆ ನಿಲ್ಲಬೇಕು ಅನ್ನುವುದೂ ಅದರಲ್ಲಿತ್ತು. ಶಿಲ್ಪು ಫೋನಿನಲ್ಲಿ ಹುಡುಕಿ, ಈ ಹೋಟೆಲ್ ಮುಚ್ಚಿದೆ, ಆ ಹೋಟೆಲ್ ಮುಚ್ಚಿದೆ ಅಂದಾಗೆಲ್ಲ ಅವಳ ಮುಖ ಸ್ವಲ್ಪ ಸಣ್ಣಗಾಗುತ್ತಿತ್ತು. ಆ ಹೆಸರು ಹೊಡೆದುಹಾಕಿ ಇನ್ನೊಂದು ಬರೆಯುತ್ತಿದ್ದಳು. ಎರಡನೇ ದಿನದ ನಾಲ್ಕರಿಂದ ನಾಲ್ಕೂವರೆಯ ಮುಂದೆ ಮಾತ್ರ ‘ಅರ್ಧಾ ತಾಸು’ ಅಂತಷ್ಟೇ ಬರೆದಿದ್ದಳು.

ಒಂದು ದಿನ ಸೀರೆ ತಗೊಳ್ಳಬೇಕು ಬಾ ಅಂದಳು. ಹೋದೆ. ನಾಲ್ಕು ಅಂಗಡಿ ಹತ್ತಿಳಿದು, ರೈಲಿನಲ್ಲಿ ಮುದ್ದೆಯಾಗಬಾರದು ಅಂತ ಹಗುರವಾದ ತಿಳಿನೀಲಿ ಸೀರೆ ಆರಿಸಿದಳು. ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಮುಂಬೈದಾಗ ನಡಿತದ ಏನ ಇದು?’ ಅಂತ ಕೇಳಿದಳು.

‘ಭಾಳ ಚಲೋ ಕಾಣ್ತದ ಅಕ್ಕಾ,’ ಅಂದೆ. ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಹೊರಗೆ ಬಂದು ನಾನು ಒಂದೇ ಉಸಿರಿಗೆ ಒಂದು ಲೋಟ ಕಬ್ಬಿನ ಹಾಲು ಕುಡಿದೆ.

ಹೊರಡಲು ಐದು ದಿನ ಇತ್ತು. ಸಂಜೆ ನಾಲ್ವರೂ ಚಹಾ ಕುಡಿಯುತ್ತ ಕೂತಿದ್ದೆವು. ಶಿಲ್ಪುಗೆ ಹದಿಮೂರು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ತಮಿಳೇ. ಕ್ಯಾಲೆಂಡರ್ ಹಾಳೆ ತೊಡೆಯ ಮೇಲಿಟ್ಟುಕೊಂಡು ಅವಳು ಕೇಳಿದಳು:

‘ಅತ್ತೈ, ನಾಂಗ ದಾದರ್‌ಲ ಎರಂಗಿನಾ ಎಂದ ಪಕ್ಕಂ ಪೋಣುಂ?’

ನಾವು ದಾದರಿನಲ್ಲಿ ಇಳಿದರೆ ಯಾವ ಕಡೆ ಹೋಗಬೇಕು, ಅಷ್ಟೇ ಪ್ರಶ್ನೆ. ಆದರೆ ತಮಿಳಿನಲ್ಲಿ ‘ನಾವು’ ಅನ್ನಲು ಎರಡು ಮಾತಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ’. ಅವರನ್ನು ಬಿಟ್ಟು ಹೇಳಿದರೆ ‘ನಾಂಗ’. ನಮ್ಮ ಭಾಷೆಯಲ್ಲಿ ಈ ಏರ್ಪಾಡು ಇಲ್ಲ, ಅದಕ್ಕೇ ನಾವು ಇಷ್ಟು ದಿನ ಬಚಾವಾಗಿದ್ದೆವು.

ಇಪ್ಪತ್ತಾರು ವರ್ಷ ತಮಿಳು ಗಿರಾಕಿಗಳಿಗೆ ಚಾದರ ಮಾರಿದವಳು ಜಗದೇವಿ. ನಕ್ಕಳು. ಹುಡುಗಿ ತಪ್ಪಿದಳು ಅಂತಲೇ ತಿಳಿದಳು.

‘ಇಲ್ಲೇ ಹುಟ್ಟಿ ಬೆಳೆದು ನಿನಗ ತಮಿಳ ಬರಲ್ಲಲ್ಲ ಶಿಲ್ಪು! ನಾಂಗ ಅಲ್ಲ, ನಾಮ ಅನ್ಬೇಕು. ನಾನೂ ಇದ್ದೀನಲ್ಲ.’

ಶಿಲ್ಪು ನನ್ನನ್ನು ನೋಡಿದಳು. ನಾನು ಚಹಾ ನೋಡಿದೆ.

‘ಇಲ್ಲ ಅತ್ತೈ,’ ಅಂದಳು ಮಗಳು, ಮೆಲ್ಲಗೆ. ‘ನಾಂಗ ದಾನ್.’ ನಾಂಗವೇ ಸರಿ, ಅಂತ.

ಗಂಡ ಎದ್ದು, ಕೆಳಗೆ ಗಿರಾಕಿ ಬಂದಂಗದ ಅನ್ನುತ್ತ ಮೆಟ್ಟಿಲಿಳಿದು ಹೋದರು. ಯಾರೂ ಬಂದಿರಲಿಲ್ಲ. ಜಗದೇವಿಯ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ತುಟಿಯ ಮೇಲೆ ಹಾಗೇ ಉಳಿದಿತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ.

‘ಅಂಗಡಿ ನೋಡ್ಲಿಕ್ಕಿ ಒಬ್ರು ಬೇಕಲ್ಲ ಅಕ್ಕಾ,’ ಅಂದೆ ನಾನು. ಕಲಬುರ್ಗಿಗೆ ಹೋಗುವಾಗ ನಾಲ್ವರೂ ಹೋಗುತ್ತೇವೆ, ವಾರಗಟ್ಟಲೆ ಬಾಗಿಲು ಹಾಕುತ್ತೇವೆ. ಅದು ಅವಳಿಗೂ ಗೊತ್ತು, ಅವಳಿಗೆ ಗೊತ್ತು ಅಂತ ನನಗೂ ಗೊತ್ತು.

‘ಹೌದು ಹೌದು, ಬೇಕಲ್ಲ,’ ಅಂದಳು. ಲೋಟಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋದಳು. ಅವತ್ತು ರಾತ್ರಿಯ ರೊಟ್ಟಿ ಎಂದಿನ ಹಾಗೇ ತೆಳ್ಳಗೆ ಬಂದಿತ್ತು. ಅವಳು ಅತ್ತಿದ್ದರೆ, ಕೂಗಾಡಿದ್ದರೆ ನಾನು ಪ್ರವಾಸವನ್ನೇ ನಿಲ್ಲಿಸುತ್ತಿದ್ದೆನೋ ಏನೋ. ಸುಮ್ಮನಿದ್ದದ್ದು ನೋಡಿ ನನಗೆ ಸಿಟ್ಟೇ ಬಂತು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯಿಂದ ಒಂದು ಸಣ್ಣ ಚಾದರ ತಂದು ನನ್ನ ಮುಂದೆ ಇಟ್ಟಳು. ತೊಟ್ಟಿಲ ಮಕ್ಕಳಿಗೆ ಹೊದಿಸುವ ಅಳತೆಯದು, ಕೆಂಪು ಅಂಚಿನದು.

‘ನೀನರ ಹೋಗಿ ಬಾ ಭವಾನಿ. ಥಂಡಿ ದಿನ ಅದ, ಇದನ್ನ ಹೊಚ್ಚಿ ಬಾ. ಪರೇಲದ ರುದ್ರಭೂಮಿ, ಗೇಟಿನಾಗ ಹೊಕ್ಕು ಬಲಕ್ಕ ಮೂರನೇ ಸಾಲು, ಬೇವಿನ ಗಿಡದ ಬುಡಕ. ಕಲ್ಲು ಗಿಲ್ಲು ಏನೂ ಇಲ್ಲ. ಗಿಡದಿಂದ ನಾಲ್ಕು ಹೆಜ್ಜಿ ಎಣಸು.’ ನನ್ನ ಕಾಲು ನೋಡಿ, ‘ನಾಲ್ಕಂದ್ರ ನನ್ನ ಹೆಜ್ಜಿ. ನೀ ಉದ್ದಕ ಇದ್ದಿ, ಮೂರೂವರಿ ಹಾಕು,’ ಅಂದಳು.

‘ಹೋಗ್ತೀನಿ ಅಕ್ಕಾ,’ ಅಂದೆ.

‘ಆಣಿ ಮಾಡು.’

ಮಾಡಿದೆ. ಕೊರಳ ಲಿಂಗ ಮುಟ್ಟಿ ಮಾಡಿದೆ. ಆ ಕ್ಷಣದಲ್ಲಿ ಹೋಗಬೇಕು ಅಂತಲೇ ಇತ್ತು, ಇದನ್ನು ನೀವು ನಂಬಬೇಕು.

ಹೊರಡುವ ಹಿಂದಿನ ದಿನ ಶಿಲ್ಪು ಆ ಹಾಳೆಯಲ್ಲಿದ್ದದ್ದನ್ನು ಫೋನಿಗೆ ಏರಿಸುತ್ತಿದ್ದಳು. ಚೌಪಾಟಿಯ ಹತ್ತಿರ ಒಂದು ಪಾವ್‌ಭಾಜಿ ಹೋಟೆಲಿದೆಯಂತೆ, ಎಲ್ಲರೂ ಹೋಗುತ್ತಾರಂತೆ, ಸಂಜೆಯಾದರೆ ಎರಡು ತಾಸು ಸಾಲಿನಲ್ಲಿ ನಿಲ್ಲಬೇಕಂತೆ, ನಾಲ್ಕಕ್ಕೆ ಹೋದರೆ ಜಾಗ ಸಿಗುತ್ತದಂತೆ. ‘ಅಮ್ಮಾ, ಇಂದ ಅರ್ಧಾ ತಾಸು ಎನ್ನ?’ ಅಂದಳು, ಈ ಅರ್ಧ ತಾಸು ಏನು ಅಂತ.

ನಾನು ಆ ಎರಡು ಪದವನ್ನು ನೋಡಿದೆ. ದುಂಡಗಿನ ಅಕ್ಷರ, ಅವಳ ರೊಟ್ಟಿಯ ಹಾಗೆ. ಹದಿನೇಳು ವರ್ಷಕ್ಕೊಮ್ಮೆ ಸಿಕ್ಕ ಎರಡು ದಿನದಲ್ಲೂ ಅವಳ ಕೆಲಸವೇ? ಹಬ್ಬದ ಹಾಗೆ ಹೊರಟವಳು ಮಗಳನ್ನು ಕಟ್ಟಿಕೊಂಡು ರುದ್ರಭೂಮಿಯಲ್ಲಿ ಹೆಜ್ಜೆ ಎಣಿಸಬೇಕೆ? ಇಪ್ಪತ್ತಾರು ವರ್ಷದ ಮೇಲೆ ಅಲ್ಲಿ ಇನ್ನೆಷ್ಟು ಜನರನ್ನು ಹೂತಿದ್ದಾರೋ, ಬೇವಿನ ಗಿಡ ಇದೆಯೋ ಕಡಿದರೋ.

‘ಏನಿಲ್ಲ, ತಗದುಬಿಡು,’ ಅಂದೆ. ಮಗಳು ತೆಗೆದು ಪಾವ್‌ಭಾಜಿ ಹಾಕಿದಳು.

ಸೆಂಟ್ರಲ್ ಸ್ಟೇಷನ್ನಿಗೆ ಜಗದೇವಿಯೂ ಬಂದಳು. ಎರಡು ದಿನಕ್ಕಾಗುವಷ್ಟು ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಕಟ್ಟಿ ತಂದಿದ್ದಳು. ತಿಳಿನೀಲಿ ಸೀರೆ ಉಟ್ಟಿದ್ದಳು. ‘ಇನ್ಯಾವಾಗ ಉಡ್ಲಿ,’ ಅಂದಳು ನಾನು ಕೇಳದೆಯೇ. ರೈಲು ಬಿಟ್ಟ ಮೇಲೆ ಎಸಿ ಜಾಸ್ತಿಯಾಗಿ ಶಿಲ್ಪುವಿನ ಕಾಲಿಗೆ ಚಳಿ ಹಿಡಿಯಿತು. ಕೈಗೆ ಮೊದಲು ಸಿಕ್ಕದ್ದು ಕೆಂಪು ಅಂಚಿನ ಚಾದರ. ಹೊದಿಸಿದೆ. ಗಂಡ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು.

ಮುಂಬೈ ಅವಳು ಹೇಳಿದ ಹಾಗೇ ಇತ್ತು. ನಿಲ್ಲಬೇಕಾದ ಬಾಗಿಲು, ಇಳಿಯಬೇಕಾದ ಮೆಟ್ಟಿಲು, ತಿರುಗಬೇಕಾದ ಗಲ್ಲಿ, ಒಂದೂ ತಪ್ಪಲಿಲ್ಲ. ನಾನು ಮನಸಾರೆ ತಿಂದೆ, ತಟ್ಟೆ ಬಿಟ್ಟು ಎದ್ದೆ, ಖುಷಿಪಟ್ಟೆ. ಎರಡನೇ ದಿನ ನಾಲ್ಕಕ್ಕೆ ಪಾವ್‌ಭಾಜಿ ಹೋಟೆಲಿನಲ್ಲಿ ಕೂತು ಆರ್ಡರ್ ಕೊಟ್ಟಿದ್ದೆವು. ಫೋನ್ ಬಂತು. ಅವಳೇ.

‘ಮುಟ್ಟಿದಿ ಏನ ಭವಾನಿ?’

ಇಲ್ಲ ಅನ್ನಲು ಬಾಯಿ ತೆರೆದೆ. ‘ಮುಟ್ಟೀನಿ ಅಕ್ಕಾ,’ ಅಂದೆ.

‘ಭಾಳ ಗದ್ದಲ ಕೇಳಸ್ತದಲ್ಲ.’

‘ರೋಡಿನ ಬಾಜೂಕೇ ಅದಲ್ಲ ಅಕ್ಕಾ.’

‘ಹೌದು, ರೋಡಿನ ಬಾಜೂಕ,’ ಅಂದಳು, ತನ್ನ ನೆನಪೇ ಸರಿ ಅನ್ನುವ ಸಂತೋಷದಲ್ಲಿ. ‘ಫೋನ್ ನೆಲದ ಮ್ಯಾಲ ಇಡು. ಎರಡ ಮಾತ ಆಡ್ತೀನಿ ಅವನ ಜೋಡಿ. ನೀ ಕೇಳಬ್ಯಾಡ.’

ನಾನು ಫೋನನ್ನು ಮೇಜಿನ ಮೇಲೆ, ಹೆಚ್ಚಿದ ಈರುಳ್ಳಿಯ ಬಟ್ಟಲಿನ ಪಕ್ಕ ಇಟ್ಟೆ. ಸ್ಪೀಕರ್ ಹಾಕಿರಲಿಲ್ಲ, ಆದರೂ ಅವಳ ದನಿ ಸಣ್ಣಗೆ ಹೊರಗೆ ಬರುತ್ತಿತ್ತು. ಮಾದೇವಾ, ಅವ್ವ ಇದ್ದೀನಿ, ನಾನೇ ಬರಬೇಕಿತ್ತು, ಅಂಗಡಿ ಬಿಡ್ಲಿಕ್ಕಿ ಆಗ್ಲಿಲ್ಲಪ್ಪಾ. ನಿಮ್ಮ ಮಾಮಿ ಬಂದಾಳ ನೋಡು, ಭಾಳ ಚಲೋ ಆಕಿ, ಅಂಜಬ್ಯಾಡ. ಗಂಡ ತಲೆ ಎತ್ತಲಿಲ್ಲ. ಶಿಲ್ಪು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ವೇಟರ್ ತಟ್ಟೆಗಳನ್ನು ತಂದು ಜಾಗ ಕೇಳಿದ, ನಾನು ಫೋನನ್ನು ಸ್ವಲ್ಪ ಸರಿಸಿದೆ. ದನಿ ನಿಂತಿತು. ಎತ್ತಿ ಕಿವಿಗಿಟ್ಟುಕೊಂಡೆ.

‘ಚಾದರ ಹೊಚ್ಚಿದಿ ಏನ?’

‘ಹೊಚ್ಚೀನಿ ಅಕ್ಕಾ.’

‘ಮಣ್ಣು ತಣ್ಣಗ ಅದ ಏನ ಭವಾನಿ? ಒಂದೀಟು ಕೈ ಇಟ್ಟು ನೋಡು.’

ನನ್ನ ಕೈ ತಟ್ಟೆಯ ಅಂಚಿನ ಮೇಲಿತ್ತು.

‘ಬೆಚ್ಚಗ ಅದ ಅಕ್ಕಾ,’ ಅಂದೆ.