ಕಂಬದ ಬುಡದ ಸಿಮೆಂಟು

ಹಳೆಯ ಮರದ ಮನೆಯಲ್ಲಿ ಇರುವವರಿಗೆ ಗೊತ್ತು, ಅದು ಮುಗಿಯದ ಚಾಕರಿ. ಈ ಬಾಗಿಲು ಸರಿಹೋಯಿತು ಅನ್ನುವಷ್ಟರಲ್ಲಿ ಆ ಕಿಟಕಿ ಬಿಗಿಯುತ್ತದೆ. ಬಣ್ಣ ಬಳಿದು ಕೈ ತೊಳೆಯುವಷ್ಟರಲ್ಲಿ ಮೂಲೆಯಲ್ಲಿ ಗೆದ್ದಲು. ನಮ್ಮ ಟೈಲರಮ್ಮನಿಗೆ ಸಾಕುಸಾಕಾಗಿತ್ತು. ಬಸ್ ಓಡಿಸುವ ಗಂಡನೂ ಅವಳೂ ಕೂತು ತೀರ್ಮಾನ ಮಾಡಿಬಿಟ್ಟಿದ್ದರು. ಮನೆ ಕೆಡವಿಸಿ ಅದೇ ಜಾಗದಲ್ಲಿ ಕಾಂಕ್ರೀಟು ಮನೆ ಕಟ್ಟಿಸುವುದು. ಕೆಡವುವವರು ಮರುದಿನ ಬೆಳಿಗ್ಗೆ ಬರುವವರಿದ್ದರು.

ಸಾಮಾನು ಕಟ್ಟಲು ಟೈಲರಮ್ಮನ ಅಣ್ಣನ ಹೆಂಡತಿ ಬಂದಳು. ಈ ಅತ್ತಿಗೆಗೆ ನಗರಸಭೆಯಲ್ಲಿ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ. ದಿನವಿಡೀ ಜನರಿಗೆ ಕೆಡವಬೇಡಿ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ಹೆಂಗಸು. ಬಂದವಳೇ ಉಸ್ಸಪ್ಪಾ ಎಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಉಪದೇಶ ಮಾತ್ರ ಬೇಡ ಅತ್ತಿಗೆ," ಎಂದಳು ಟೈಲರಮ್ಮ. "ಇದೇನು ಅರಮನೆನಾ? ನಾಲ್ಕು ಕೋಣೆ, ಒಂದು ಜಗಲಿ. ಇದನ್ನ ನೋಡೋಕೆ ಯಾರು ಟಿಕೆಟ್ ತಗೊಂಡು ಬರ್ತಾರೆ?"

"ಯಾರೂ ಬರಲ್ಲ ಕಣೆ. ಅರಮನೆಗಾದ್ರೆ ಕಾವಲಿದೆ, ಅದು ಎಲ್ಲೂ ಹೋಗಲ್ಲ. ದುಡಿದು ತಿನ್ನೋರು ನೂರು ವರ್ಷದ ಹಿಂದೆ ಹೇಗೆ ಬದುಕ್ತಿದ್ರು ಅಂತ ತಿಳಿಯೋಕೆ ಇಂಥ ಮನೆ ಬಿಟ್ರೆ ಬೇರೇನಿದೆ? ಈ ಬೀದೀಲಿ ಉಳಿದಿರೋದು ನಿಮ್ಮದೊಂದೇ."

"ಉಳಿದಿರೋದನ್ನ ಗುಡಿಸಿ ಒರೆಸೋಳು ನಾನು," ಎಂದಳು ಟೈಲರಮ್ಮ.

ಅಷ್ಟರಲ್ಲಿ ಗಂಡ ಕೆಲಸ ಮುಗಿಸಿ ಬಂದ. ಮಾತು ಕಿವಿಗೆ ಬಿದ್ದಿತ್ತು. "ಜಗಲಿ ಕಂಬಗಳೆಲ್ಲ ಕೊಳೆತಿವೆ ಅಕ್ಕ. ಮಾಡು ಮೈಮೇಲೆ ಬಿದ್ರೆ ಯಾರು ಹೊಣೆ?"

"ನಿಜವಾಗ್ಲೂ ಹಾಗಿದ್ರೆ ಕೆಡವಲೇಬೇಕು. ನೋಡೋಣ ಬನ್ನಿ."

ಅತ್ತಿಗೆ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ಹಿಡಿದು ಜಗಲಿಗೆ ಹೋದಳು. ಕಂಬದ ಬುಡಕ್ಕೆ ಒತ್ತಿದಳು. ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. "ನೋಡಿದ್ರಾ?" ಎಂದ ಬಸ್ ಡ್ರೈವರ್ ಗಂಡ. ಅವಳು ಒಂದು ಗೇಣು ಮೇಲೆ ಒತ್ತಿದಳು. ತುದಿ ಜಾರಿತೇ ಹೊರತು ನಾಟಲಿಲ್ಲ. ಉಳಿದ ಕಂಬಗಳದ್ದೂ ಅದೇ ಕಥೆ. ಆಮೇಲೆ ಬುಡದ ಸುತ್ತ ಮೆತ್ತಿದ್ದ ಸಿಮೆಂಟನ್ನು ಬೆರಳಿನಿಂದ ತಟ್ಟಿದಳು.

"ಇದನ್ನ ಹಾಕಿದ್ದು ಯಾರು?"

"ನಾನೇ," ಎಂದ ಡ್ರೈವರ್, ಎದೆ ಸ್ವಲ್ಪ ಮುಂದೆ ಮಾಡಿ. "ರಜಾ ಹಾಕಿ ಕೈಯಾರೆ ಹಾಕಿದ್ದು. ಬುಡ ಗಟ್ಟಿಯಾಗಲಿ ಅಂತ."

ಅತ್ತಿಗೆ ಕಣ್ಣುಜ್ಜಿಕೊಂಡಳು. ಹೋದ ಮನೆಯಲ್ಲೆಲ್ಲ ಇದೇ ಸಿಮೆಂಟು ನೋಡಿ ಅವಳಿಗೆ ಬೇಸರ ಬಂದಿತ್ತು. "ಪ್ರೀತಿಯಿಂದಲೇ ಮಾಡಿದ್ದೀರಿ. ಆದ್ರೆ ಕಂಬಕ್ಕೆ ಉಸಿರು ಕಟ್ಟಿದೆ. ಮಳೆನೀರು ಸಿಮೆಂಟಿನ ಸಂದೀಲಿ ಇಳಿಯುತ್ತೆ, ಹೊರಗೆ ಬರೋಕೆ ದಾರಿ ಇಲ್ಲ. ಮೊದಲು ಬರೀ ಕಲ್ಲಿನ ಮೇಲೆ ನಿಂತಿತ್ತು. ನೆನೆದ್ರೂ ಗಾಳಿಗೆ ಒಣಗ್ತಿತ್ತು."

ಡ್ರೈವರನ ಮುಖ ಸಪ್ಪಗಾಯಿತು. ಬೇರೆ ದಿನವಾಗಿದ್ದರೆ ಟೈಲರಮ್ಮ ಗಂಡನನ್ನು ಬಾಯಿತುಂಬ ಆಡಿಕೊಳ್ಳುತ್ತಿದ್ದಳು. ಇವತ್ತು ಅದಕ್ಕೂ ತ್ರಾಣವಿರಲಿಲ್ಲ. "ಈಗೇನು ಮಾಡೋದು?" ಎಂದಳು.

"ಕೊಳೆತಷ್ಟನ್ನ ಕೊಯ್ದು ಹೊಸ ಮರ ಕೂಡಿಸ್ತಾರೆ. ಹಳೇ ಮನೆ ಕೆಲಸ ಗೊತ್ತಿರೋ ಬಡಗಿ ಬೇಕು. ನಮ್ಮ ಕಚೇರಿ ಹಣ ಕೊಡಲ್ಲ, ಸುಳ್ಳು ಯಾಕೆ ಹೇಳಲಿ? ಬಲ್ಲವರನ್ನ ಕಳಿಸುತ್ತೆ, ಅಷ್ಟೇ."

"ಅಂದ್ರೆ ಮತ್ತೆ ಅದೇ ಚಾಕರಿ."

ಅತ್ತಿಗೆ ಹೌದೆಂದು ತಲೆಯಾಡಿಸಿದಳು. ಮಾತು ನಿಜವೇ ಆಗಿತ್ತು. ಒಳಗೆ ಹೋಗಿ ಹೊಲಿಗೆ ಯಂತ್ರದ ಪಕ್ಕದ ಕಿಟಕಿಯ ಮುಂದೆ ನಿಂತಳು. "ಇದು ಯಾಕೆ ಇಷ್ಟು ಅಗಲ, ಇಷ್ಟು ತಗ್ಗು, ಗೊತ್ತಾ?"

"ಕಟ್ಟಿದೋನಿಗೆ ಅಳತೆ ತಪ್ಪಿರಬೇಕು."

"ಈ ಬೀದೀಲಿ ಆಗ ಇದ್ದೋರೆಲ್ಲ ಪುಸ್ತಕ ಹೊಲಿದು ಬೈಂಡು ಮಾಡೋರು. ಕೂತು ಹೊಲಿಯೋರ ಕೈಮೇಲೆ ಬೆಳಕು ಬೀಳಲಿ ಅಂತ ಹೀಗೆ ಕಟ್ಟಿದ್ದು."

ಟೈಲರಮ್ಮ ಆ ಕಿಟಕಿಯನ್ನೇ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಹೊಲಿದದ್ದು ಅಲ್ಲೇ. ಅವಳ ಓರಗೆಯ ಟೈಲರುಗಳಿಗೆಲ್ಲ ದಪ್ಪ ಕನ್ನಡಕ ಬಂದಿದೆ. ಇವಳು ಇನ್ನೂ ಬರಿಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ. ಅದು ತನ್ನ ಅದೃಷ್ಟ ಅಂದುಕೊಂಡಿದ್ದಳು. ಹೊಸ ಮನೆಯ ನಕ್ಷೆಯಲ್ಲಿ ಯಂತ್ರಕ್ಕೆ ಸಿಕ್ಕಿದ್ದು ಮೆಟ್ಟಿಲಿನ ಕೆಳಗಿನ ಜಾಗ, ಹಗಲೂ ಟ್ಯೂಬ್‌ಲೈಟು. ಹೇಗೋ ಆಗುತ್ತೆ ಎಂದು ಅವಳೇ ಒಪ್ಪಿದ್ದಳು. ಅವಳ ಮುಖ ಕೂಡ ನೋಡದ ಯಾರೋ ಒಬ್ಬರು ನೂರು ವರ್ಷದ ಹಿಂದೆಯೇ ದುಡಿಯುವವರ ಕಣ್ಣಿನ ಬಗ್ಗೆ ಯೋಚಿಸಿದ್ದರು. ತನ್ನ ಕಣ್ಣಿನ ಬಗ್ಗೆ ತಾನೇ ಯೋಚಿಸಿರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು.

"ಆ ಕೆಡವೋರಿಗೆ ಫೋನ್ ಮಾಡ್ರೀ," ಎಂದಳು ಮೂಗೊರೆಸಿಕೊಂಡು. "ಬರೋದು ಬೇಡ ಅನ್ನಿ. ನನ್ನ ಸುಸ್ತೇನೂ ಹೋಗಿಲ್ಲ. ಆದ್ರೂ ಬೇಡ ಅನ್ನಿ."

ಗಂಡ ಫೋನ್ ಮಾಡಿ ಬೈಸಿಕೊಂಡ. ನೆಟ್ಟಗೆ ಹೋಗಿ ಸುತ್ತಿಗೆ, ಉಳಿ ತಂದ.

"ಅಯ್ಯೋ, ಮುಟ್ಟಬೇಡಿ!" ಎಂದಳು ಅತ್ತಿಗೆ. "ಬಡಗಿ ಬಂದು ಮಾಡಿಗೆ ಆಸರೆ ಕೊಟ್ಟ ಮೇಲೆ ಸಿಮೆಂಟು ಒಡೆಯೋದು."

"ಇದೂ ತಪ್ಪಾ?" ಎಂದು ಡ್ರೈವರ್ ಸುತ್ತಿಗೆ ಹಿಡಿದೇ ಕುಸಿದು ಕೂತ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಇಂಥ ಮನೆಯಾಗಿದ್ದರೆ ಚಿಕ್ಕದೆಂದು ಹಗುರವಾಗಿ ನೋಡಬೇಡಿ. ಮರದ ಬುಡಕ್ಕೆ ಸಿಮೆಂಟು ಮೆತ್ತಬೇಡಿ. ಸೋರುವುದು ಕಂಡರೆ ಅಂದೇ ಸರಿಪಡಿಸಿ. ಕೆಡವುವ ಮೊದಲು ಹಳೆಯ ಮನೆಗಳನ್ನು ಬಲ್ಲವರಿಗೆ ಒಮ್ಮೆ ತೋರಿಸಿ. ಉಳಿಯುವುದಿಲ್ಲ ಎಂದು ಅವರೇ ಹೇಳಿದರೆ ಆಗ ಕೆಡವಿ, ಯಾರೂ ಏನೂ ಅನ್ನುವುದಿಲ್ಲ. ನಿಮಗೆ ಸಾಕಾಗಿದೆ, ನಮಗೆ ಗೊತ್ತು. ಸುಸ್ತಾದ ದಿನ ಮಾತ್ರ ಆ ತೀರ್ಮಾನ ಮಾಡಬೇಡಿ.